ಪ್ರತಿಕ್ರಿಯೆ ತೋರದ ರೋಗಿಗೆ ಕಾಣುತ್ತಿದೆಯೇ? ಮಿದುಳಿನ ಅಲೆಗಳಿಂದ ನೋಟ ಪರೀಕ್ಷಿಸುವ ಕ್ರಮ

ಕಣ್ಣು ತೆರೆದಿದೆ. ಮುಂದೆ ಥಟ್ಟನೆ ಕೈ ತಂದರೂ ರೆಪ್ಪೆ ಮಿಟುಕುವುದಿಲ್ಲ. ಮುಖದ ಎದುರು ಕನ್ನಡಿ ಹಿಡಿದು ನಿಧಾನಕ್ಕೆ ಪಕ್ಕಕ್ಕೆ ಸರಿಸಿದರೂ ದೃಷ್ಟಿ ಅದರ ಹಿಂದೆ ಹೋಗುವುದಿಲ್ಲ. ಇಂಥವರ ಕೇಸ್ ಶೀಟಿನಲ್ಲಿ ‘ನೋಟಕ್ಕೆ ಪ್ರತಿಕ್ರಿಯೆ ಇಲ್ಲ’ ಎಂದು ಬರೆಯಲು ಅರ್ಧ ನಿಮಿಷ ಸಾಕು. ಆ ಒಂದು ಸಾಲಿನೊಳಗೆ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿರಬಹುದು. ಕಣ್ಣೊಳಗೆ ಬೆಳಕೇ ಹೋಗದಿರಬಹುದು. ಬೆಳಕು ಹೋದರೂ ನರದಲ್ಲಿ ದಾರಿ ಕಡಿದಿರಬಹುದು. ಸಂಕೇತ ಮಿದುಳು ಮುಟ್ಟಿದರೂ ಅದರಿಂದ ಮುಖ, ವಸ್ತು ಎಂಬ ಅರ್ಥ ಹುಟ್ಟದಿರಬಹುದು. ಕೊನೆಯದಾಗಿ, ಎಲ್ಲವೂ ಕಾಣುತ್ತಿದ್ದು, ರೆಪ್ಪೆ ಕಣ್ಣು ಕೈ ಯಾವುದನ್ನೂ ಬೇಕೆಂದಂತೆ ಅಲುಗಿಸಲು ಆಗದೇ ಇರಬಹುದು.

ಸಿಆರ್‌ಎಸ್-ಆರ್ ಎಂಬ, ಹಾಸಿಗೆಯ ಪಕ್ಕವೇ ಪ್ರಜ್ಞೆಯ ಮಟ್ಟ ಅಳೆಯುವ ಮಾಪನದ ದೃಷ್ಟಿ ವಿಭಾಗ 0ರಿಂದ 5ರವರೆಗೆ ಅಂಕ ಕೊಡುತ್ತದೆ: ಬೆಚ್ಚಿ ರೆಪ್ಪೆ ಮಿಟುಕಿಸುವುದಕ್ಕೆ 1, ವಸ್ತುವಿನ ಮೇಲೆ ದೃಷ್ಟಿ ನಿಂತರೆ 2, ಹಿಂಬಾಲಿಸಿದರೆ 3, ಹೀಗೆ. ಅದನ್ನು ಬಿಡುವಂತಿಲ್ಲ. ಎರಡು ವಾರದೊಳಗೆ ಕನಿಷ್ಠ 5 ಸಲ ಮಾಡಲೇಬೇಕು. ಆದರೆ ಅದರ ಪ್ರತಿ ಅಂಕವೂ ಸ್ನಾಯುವಿನ ಚಲನೆಯನ್ನೇ ನಂಬಿಕೊಂಡಿದೆ. ಚಲನೆ ಸತ್ತುಹೋದ ಕಡೆ ನೋಟ ಬದುಕಿದೆಯೇ ಎಂದು ಕೇಳಬೇಕಾದರೆ ಮಿದುಳನ್ನೇ ನೇರವಾಗಿ ಕೇಳಬೇಕು. 1998ರಲ್ಲಿ ಕೇಂಬ್ರಿಜ್‌ನ ತಂಡವೊಂದು ಪ್ರತಿಕ್ರಿಯೆ ತೋರದ ಮಹಿಳೆಗೆ ಮನೆಯವರ ಫೋಟೋ ತೋರಿಸಿ ಪೆಟ್ ಸ್ಕ್ಯಾನ್ ಮಾಡಿದಾಗ, ಮುಖ ಗುರುತಿಸಲು ಬೇಕಾದ ಭಾಗಗಳು ಕೆಲಸ ಮಾಡುತ್ತಿದ್ದುದು ಕಂಡಿತು. 2024ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ, ಹಾಸಿಗೆಯ ಪಕ್ಕ ಯಾವ ಆಜ್ಞೆಯನ್ನೂ ಪಾಲಿಸದ 241 ಮಂದಿಯ ಪೈಕಿ 60 ಮಂದಿಯ ಮಿದುಳು ಆಜ್ಞೆಯನ್ನು ಪಾಲಿಸುತ್ತಿತ್ತು. ಅಲ್ಲಿ ಆಜ್ಞೆ ಕೊಟ್ಟದ್ದು ಕಿವಿಯ ಮೂಲಕ. ಕಣ್ಣಿನ ದಾರಿಗೂ ಇದೇ ತರ್ಕ ಸಲ್ಲುತ್ತದೆ.

ಇಲ್ಲಿ ಹೇಳಿರುವುದು ಇಇಜಿ, ಅಂದರೆ ತಲೆಯ ಚರ್ಮದ ಮೇಲಿಂದ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ವಿಧಾನ, ಅದರ ಆಧಾರದ ನಾಲ್ಕು ಹಂತದ ಕ್ರಮ. ಆಪ್ಟಿಕ್ ನ್ಯೂರೈಟಿಸ್‌ಗಾಗಿ (ಕಣ್ಣಿನ ನರದ ಉರಿಯೂತ) ವಿಇಪಿ, ಅಂದರೆ ಕಣ್ಣಿಗೆ ತೋರಿಸಿದ್ದಕ್ಕೆ ಮಿದುಳು ಕೊಡುವ ವಿದ್ಯುತ್ ಉತ್ತರ, ಅಳೆಯುವ ಯಂತ್ರ ಇರುವಲ್ಲೆಲ್ಲ ಮೊದಲ ಎರಡು ಹಂತ ಸಾಧ್ಯ. ಫಂಕ್ಷನಲ್ ಎಂಆರ್‌ಐ ಇದಕ್ಕಿಂತ ಸೂಕ್ಷ್ಮವಾಗಿ ಜಾಗ ತೋರಿಸುತ್ತದೆ. ಆದರೆ ವೆಂಟಿಲೇಟರ್, ಮಿದುಳಿನ ನೀರು ಹೊರಬಿಡುವ ಷಂಟ್, ರಕ್ತನಾಳದ ಕ್ಲಿಪ್ ಇರುವ ರೋಗಿಯನ್ನು ಅಲ್ಲಿಗೆ ಒಯ್ಯುವುದೇ ಅಪಾಯದ ಕೆಲಸ, ವಾರಕ್ಕೊಮ್ಮೆ ಮಾಡಲಾಗದು.

ಮೊದಲು ಕಣ್ಣು

ಈ ಪರೀಕ್ಷೆಯ ದೊಡ್ಡ ತಪ್ಪುಗಳು ಎಲೆಕ್ಟ್ರೋಡ್ ಹಚ್ಚುವ ಮೊದಲೇ ಆಗುತ್ತವೆ. ಟಾರ್ಚ್ ಹಿಡಿದು ಎರಡೂ ಕಣ್ಣು ನೋಡಿ. ರೆಪ್ಪೆ ಪೂರ್ತಿ ಮುಚ್ಚದ ರೋಗಿಗಳಲ್ಲಿ ಕಾರ್ನಿಯಾ ಒಣಗಿ ಮಸುಕಾಗಿರುತ್ತದೆ, ಹುಣ್ಣೂ ಆಗಿರಬಹುದು. ಒಣಗದಿರಲೆಂದು ಹಾಕಿದ ಮುಲಾಮಿನ ಪದರವೂ ಚಿತ್ರವನ್ನು ಕದಡುತ್ತದೆ. ಅದನ್ನು ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಕೃತಕ ಕಣ್ಣೀರಿನ ಎರಡು ಹನಿ ಹಾಕಿ. ಸಬ್‌ಅರಾಕ್ನಾಯ್ಡ್ ರಕ್ತಸ್ರಾವ (ಮಿದುಳಿನ ಹೊದಿಕೆಯೊಳಗೆ ರಕ್ತ ಸೋರುವುದು) ಆದವರಲ್ಲಿ ಕಣ್ಣಿನ ಒಳಗೂ ರಕ್ತ ತುಂಬಿರಬಹುದು, ಅದಕ್ಕೆ ಟೆರ್ಸನ್ ಸಿಂಡ್ರೋಮ್ ಎನ್ನುತ್ತಾರೆ. ಇದನ್ನು ನೇತ್ರತಜ್ಞರು ಆಫ್ತಲ್ಮೋಸ್ಕೋಪಿನಲ್ಲಿ ನೋಡಿಯೇ ಹೇಳಬೇಕು. ಆ ರಕ್ತ ಕರಗಿದರೆ ಅಥವಾ ತೆಗೆದರೆ ‘ಕುರುಡು’ ಎಂದುಕೊಂಡ ರೋಗಿಗೆ ನೋಟ ಮರಳಬಹುದು. ಹಾಗಾಗಿ ಈ ಹೆಜ್ಜೆ ತಪ್ಪಿಸುವುದಕ್ಕೆ ಕ್ಷಮೆಯಿಲ್ಲ.

ಮನೆಯವರನ್ನು ಕೇಳಬೇಕಾದದ್ದಿದೆ: ಕನ್ನಡಕ ಹಾಕುತ್ತಿದ್ದರೇ, ಪೊರೆ ಆಪರೇಷನ್ ಆಗಿದೆಯೇ, ಗ್ಲಾಕೋಮಾ ಇತ್ತೇ, ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟಿತ್ತೇ. ಕನ್ನಡಕ ಮನೆಯ ಕಪಾಟಿನಲ್ಲಿದ್ದರೆ ತರಿಸಿ. ಮೈನಸ್ 6 ಪವರ್ ಇರುವವರಿಗೆ ಕನ್ನಡಕವಿಲ್ಲದೆ 60 ಸೆಂ.ಮೀ. ದೂರದ ಚೌಕಗಳನ್ನು ತೋರಿಸಿ ‘ಪ್ರತಿಕ್ರಿಯೆ ಇಲ್ಲ’ ಎನ್ನುವುದು ಅನ್ಯಾಯ.

ಪಾಪೆ ಹಿಗ್ಗಿಸುವ ಹನಿ ಹಾಕಬೇಡಿ. ಐಸಿಯುನಲ್ಲಿ ಪಾಪೆಯ ಗಾತ್ರವೇ ಒಂದು ಎಚ್ಚರಿಕೆಯ ಗಂಟೆ; ನೀವು ಹಿಗ್ಗಿಸಿದ್ದನ್ನು ರಾತ್ರಿ ಪಾಳಿಯವರು ಮಿದುಳಿನ ಒತ್ತಡ ಎಂದು ಓದುತ್ತಾರೆ. ಇದ್ದ ಗಾತ್ರವನ್ನೇ ಮಿಲಿಮೀಟರಿನಲ್ಲಿ ಅಳೆದು ಬರೆದಿಡಿ.

ಮಂಪರು ಬರಿಸುವ ಮಿಡಾಜೊಲಾಮ್, ಪ್ರೊಪೊಫೋಲ್ ಎರಡೂ ಅಲೆಯನ್ನು ಕುಗ್ಗಿಸುತ್ತವೆ, ತಡಮಾಡುತ್ತವೆ. ಕೊನೆಯ ಡೋಸ್ ಎಷ್ಟು, ಎಷ್ಟು ಹೊತ್ತಿಗೆ ಎಂಬುದು ವರದಿಯಲ್ಲಿ ಇರಲೇಬೇಕು. ಸ್ನಾಯು ಸಡಿಲಿಸುವ ಔಷಧ ದೃಷ್ಟಿಯ ಸಂಕೇತವನ್ನು ತಡೆಯುವುದಿಲ್ಲ, ಬದಲಿಗೆ ಸ್ನಾಯುವಿನ ಗದ್ದಲ ಇಳಿಸುತ್ತದೆ. ಮೈ ತಣ್ಣಗಾದಷ್ಟೂ ಅಲೆ ತಡವಾಗುವುದರಿಂದ ತಾಪಮಾನವನ್ನೂ ಬರೆಯಿರಿ. ಶುರು ಮಾಡುವ ಮುನ್ನ ಎರಡು ನಿಮಿಷ ಬರೀ ಇಇಜಿ ನೋಡಿ. ನಿದ್ದೆಯ ಗುರುತಾದ ಚುಟುಕು ಅಲೆಗೊಂಚಲುಗಳು (ಸ್ಪಿಂಡಲ್) ಓಡುತ್ತಿದ್ದರೆ ಇದು ಹೊತ್ತಲ್ಲ. ಮೈ ಒತ್ತಿ ಎಚ್ಚರಿಸಿ, ಇಲ್ಲವೇ ಬೇರೆ ವೇಳೆಗೆ ಬನ್ನಿ.

ಎಲೆಕ್ಟ್ರೋಡ್ ಜಾಗ, ತಲೆಯಡಿಯ ಸಿಂಬೆ

ಟೇಪ್ ಹಿಡಿದು ಮೂಗಿನ ಬೇರಿನಿಂದ ಹಿಂದಲೆಯ ಉಬ್ಬಿನವರೆಗೆ ಅಳೆಯಿರಿ. 36 ಸೆಂ.ಮೀ. ಬಂತು ಅನ್ನಿ. ಹಿಂದಲೆಯ ಉಬ್ಬಿನಿಂದ ಮೇಲಕ್ಕೆ ಅದರ ಶೇ. 10, ಅಂದರೆ 3.6 ಸೆಂ.ಮೀ.ಗೆ ಓಝಡ್ ಎಂಬ ಎಲೆಕ್ಟ್ರೋಡ್ ಜಾಗ. ಮೂಗಿನ ಬೇರಿನಿಂದ ಶೇ. 30, ಅಂದರೆ 10.8 ಸೆಂ.ಮೀ.ಗೆ ಎಫ್‌ಝಡ್, ಇದು ರೆಫರೆನ್ಸ್, ಅಂದರೆ ಹೋಲಿಕೆಯ ಎಲೆಕ್ಟ್ರೋಡ್. ನಡುನೆತ್ತಿಯ ಸಿಝಡ್ ಗ್ರೌಂಡ್. ತಲೆಯ ಸುತ್ತಳತೆಯ ಶೇ. 5ರಷ್ಟು ಓಝಡ್‌ನ ಎಡಕ್ಕೆ ಓ1, ಬಲಕ್ಕೆ ಓ2. ಎರಡೂ ಪಕ್ಕದ ಚಾನೆಲ್ ಬಿಡಬೇಡಿ. ಒಂದೇ ಬದಿಯ ಹಿಂದಲೆಗೆ ಸ್ಟ್ರೋಕ್ ಆಗಿದ್ದರೆ ಅದು ತಿಳಿಯುವುದು ಅವುಗಳಿಂದಲೇ.

ನಮ್ಮ ರೋಗಿಗಳ ತಲೆಯಲ್ಲಿ ತೆಂಗಿನೆಣ್ಣೆ ಇರುತ್ತದೆ, ಅದರ ಮೇಲೆ ವಾರಗಟ್ಟಲೆ ಮಲಗಿದ ಬೆವರು. ಎಲೆಕ್ಟ್ರೋಡ್ ಜಾಗದಲ್ಲಿ ಕೂದಲನ್ನು ಬೈತಲೆ ತೆಗೆದಂತೆ ಎರಡಾಗಿ ಸರಿಸಿ, ಸ್ಪಿರಿಟ್ ಹತ್ತಿಯಿಂದ ಎಣ್ಣೆ ತೆಗೆದು, ಆರಿದ ಮೇಲೆ ನ್ಯೂಪ್ರೆಪ್‌ನಂಥ ಉಜ್ಜುವ ಜೆಲ್‌ನಿಂದ ಮೆತ್ತಗೆ ನಾಲ್ಕೈದು ಸಲ ಉಜ್ಜಿ. ಚರ್ಮ ಕೆಂಪಾಗಬಾರದು. ಆಮೇಲೆ ಪೇಸ್ಟ್ ತುಂಬಿದ ಕಪ್ ಇಟ್ಟು, ಮೇಲೊಂದು ಗಾಜ್ ತುಂಡು ಒತ್ತಿ. ಇಂಪಿಡೆನ್ಸ್ (ಚರ್ಮ-ಎಲೆಕ್ಟ್ರೋಡ್ ನಡುವಿನ ತಡೆ) 5 ಕಿಲೋಓಮ್‌ಗಿಂತ ಕೆಳಗಿರಲಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಲಿ. ಒಂದು 2, ಇನ್ನೊಂದು 9 ಇದ್ದರೆ ಕರೆಂಟಿನ ಗದ್ದಲ ಅಲ್ಲಿಂದಲೇ ನುಗ್ಗುತ್ತದೆ.

ಕೂತ ರೋಗಿಯಲ್ಲಿ ಇಲ್ಲದ ಒಂದು ತೊಂದರೆ ಇಲ್ಲಿದೆ. ಅಂಗಾತ ಮಲಗಿದವರ ತಲೆಯ ಭಾರವೆಲ್ಲ ಓಝಡ್ ಮೇಲೆ ಬೀಳುತ್ತದೆ. ವೆಂಟಿಲೇಟರ್‌ನ ಒಂದೊಂದು ಉಸಿರಿಗೂ ತಲೆ ಕೂದಲೆಳೆಯಷ್ಟು ಅಲುಗಿ, ತೆರೆಯ ಮೇಲೆ ದೊಡ್ಡ ನಿಧಾನದ ಅಲೆ ಏಳುತ್ತದೆ. ಕೊಡ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುವಂಥ ಸಿಂಬೆಯನ್ನು ಟವೆಲ್‌ನಲ್ಲಿ ಸುತ್ತಿ ತಲೆಯಡಿ ಇಡಿ. ಎಲೆಕ್ಟ್ರೋಡ್‌ಗಳು ನಡುವಿನ ಖಾಲಿಯಲ್ಲಿ ನಿಲ್ಲಲಿ. ಕುತ್ತಿಗೆಗೆ ಗಾಯವಾಗಿದ್ದರೆ ಡಾಕ್ಟರ ಒಪ್ಪಿಗೆಯಿಲ್ಲದೆ ತಲೆ ಎತ್ತಬೇಡಿ. ತಲೆಬುರುಡೆಯ ತುಂಡು ತೆಗೆದಿರುವ ಕಡೆ ಎಲೆಕ್ಟ್ರೋಡ್ ಒತ್ತುವಂತಿಲ್ಲ. ಆ ಬದಿಯ ಅಲೆ ಮೂಳೆಯ ತಡೆ ಇಲ್ಲದ್ದರಿಂದ ದೊಡ್ಡದಾಗಿ ಕಾಣುತ್ತದೆ, ಅದನ್ನು ‘ಈ ಬದಿ ಚೆನ್ನಾಗಿದೆ’ ಎಂದು ಓದಬಾರದು.

ಮೊದಲ ಹಂತ: ಬೆಳಕು ಮುಟ್ಟುತ್ತಿದೆಯೇ

ಯಂತ್ರದ ಸೆಟ್ಟಿಂಗ್: ಕೆಳ ಫಿಲ್ಟರ್ 1 ಹರ್ಟ್ಜ್, ಮೇಲಿನದು 100 ಹರ್ಟ್ಜ್ ಅಥವಾ ಹೆಚ್ಚು, ಸ್ಯಾಂಪ್ಲಿಂಗ್ ಸೆಕೆಂಡಿಗೆ 500ಕ್ಕೆ ಕಡಿಮೆ ಇಲ್ಲ. ಕರೆಂಟಿನ ಗದ್ದಲ ಅಳಿಸುವ ನಾಚ್ ಫಿಲ್ಟರ್ ಹಾಕಬೇಡಿ, ಅದು ಅಲೆಯ ಆಕಾರ ತಿರುಚುತ್ತದೆ. ಫ್ಲ್ಯಾಷ್ ಚದರ ಮೀಟರಿಗೆ 3 ಕ್ಯಾಂಡೆಲಾ-ಸೆಕೆಂಡ್, ಕಣ್ಣಿಗೆ ಕನಿಷ್ಠ 20 ಡಿಗ್ರಿ ಅಗಲ ಕಾಣುವಂತೆ. ವೇಗ ಸೆಕೆಂಡಿಗೆ ಸುಮಾರು 1. ಆದರೆ ಸರಿಯಾಗಿ 1.0 ಇಡಬೇಡಿ, ನಮ್ಮ ವಿದ್ಯುತ್ತು 50 ಹರ್ಟ್ಜ್, ಪ್ರತಿ ಫ್ಲ್ಯಾಷಿಗೂ ಅದರ ಅಲೆ ಒಂದೇ ಜಾಗಕ್ಕೆ ಬಂದು ನಿಂತು ಆವರೇಜ್‌ನಲ್ಲಿ ಅಳಿಯದೆ ಉಳಿದುಬಿಡುತ್ತದೆ. 0.9 ಅಥವಾ 1.1 ಇಟ್ಟರೆ ತಾನಾಗಿ ಸವೆದುಹೋಗುತ್ತದೆ.

ರೆಪ್ಪೆ ಮುಚ್ಚಿದ್ದರೆ ಗ್ಲೌಸ್ ಹಾಕಿದ ಬೆರಳಿನಿಂದಲೋ ಮೈಕ್ರೋಪೋರ್ ಪಟ್ಟಿಯಿಂದಲೋ ತೆರೆದು ಹಿಡಿಯಿರಿ. ಒಂದು ಸುತ್ತು ಮುಗಿಯಲು ಒಂದೂವರೆ ನಿಮಿಷ ಬೇಕು, ಅದಾದ ಕೂಡಲೇ ಹನಿ ಹಾಕಿ ರೆಪ್ಪೆ ಮುಚ್ಚಿ. ಮುಚ್ಚಿದ ರೆಪ್ಪೆಯ ಮೂಲಕವೂ ಫ್ಲ್ಯಾಷ್ ಸ್ವಲ್ಪ ಹೋಗುತ್ತದೆ, ಆದರೆ ಮಂಕಾಗಿ. ಹಾಗೆ ಮಾಡಿದ್ದರೆ ಬರೆದಿಡಿ. ಒಂದು ಕಣ್ಣು ಪರೀಕ್ಷಿಸುವಾಗ ಇನ್ನೊಂದಕ್ಕೆ ಹತ್ತಿಯ ಪ್ಯಾಡ್, ಅದರ ಮೇಲೆ ದಪ್ಪ ಕಪ್ಪು ಬಟ್ಟೆ. ಬರೀ ಹತ್ತಿ ಬೆಳಕು ತಡೆಯುವುದಿಲ್ಲ.

ಫ್ಲ್ಯಾಷಿನ ಉತ್ತರ ಕೆಲವೇ ಮೈಕ್ರೋವೋಲ್ಟ್. ಸುತ್ತಲಿನ ಇಇಜಿ ಅದರ ಹಲವು ಪಟ್ಟು. 100 ಉತ್ತರಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದರೆ ಗದ್ದಲ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ, ಅಲೆ ಹಾಗೇ ಉಳಿಯುತ್ತದೆ. ಪ್ರತಿ ಕಣ್ಣಿಗೂ 100ರ ಎರಡು ಸುತ್ತು ಮಾಡಿ, ಒಂದರ ಮೇಲೊಂದು ಇಟ್ಟು ನೋಡಿ. ಹೊಂದದಿದ್ದರೆ ಅದು ಅಲೆಯಲ್ಲ. ಪ್ಲಸ್-ಮೈನಸ್ 100 ಮೈಕ್ರೋವೋಲ್ಟ್ ದಾಟಿದ ತುಣುಕು ಯಂತ್ರವೇ ಬಿಸಾಡಲಿ. ಮೂರರಲ್ಲಿ ಒಂದು ತುಣುಕು ಹೋಗುತ್ತಿದ್ದರೆ ಮಿತಿ ಸಡಿಲಿಸಬೇಡಿ, ಗದ್ದಲದ ಮೂಲ ಹುಡುಕಿ. ಸಾಮಾನ್ಯ ಆರೋಪಿಗಳು: ಗಾಳಿ ಹಾಸಿಗೆಯ ಪಂಪ್ (ಒಂದೆರಡು ನಿಮಿಷ ನಿಲ್ಲಿಸಬಹುದೇ ಎಂದು ಸಿಸ್ಟರನ್ನು ಕೇಳಿ), ತಲೆಯ ಹತ್ತಿರದ ಇನ್ಫ್ಯೂಷನ್ ಪಂಪ್, ಎಲೆಕ್ಟ್ರೋಡ್ ವಯರಿನ ಜೊತೆ ಹೆಣೆದುಕೊಂಡ ಮಾನಿಟರ್ ವಯರ್. ಪಂಪನ್ನು ಸರಿಸಿ, ಎಲೆಕ್ಟ್ರೋಡ್ ವಯರುಗಳನ್ನಷ್ಟೇ ಒಟ್ಟಿಗೆ ಜಡೆಯಂತೆ ಹೆಣೆದು ಬೇರೆ ಕಡೆಯಿಂದ ತನ್ನಿ.

ಅಲೆ ಬಂತೆಂದು ಸಂತೋಷಪಡುವ ಮುನ್ನ ಹುಸಿ ಸುತ್ತು ಮಾಡಲೇಬೇಕು. ಎರಡೂ ಕಣ್ಣಿಗೆ ಕಪ್ಪು ಬಟ್ಟೆ ಮುಚ್ಚಿ, ಅದೇ ಫ್ಲ್ಯಾಷ್, ಅದೇ 100 ಸಲ. ಈಗ ತೆರೆ ಸಪಾಟಾಗಬೇಕು. ಆಗದಿದ್ದರೆ ನೀವು ನೋಡಿದ್ದು ನೋಟವಲ್ಲ. ಹಳೆಯ ಕ್ಸೆನಾನ್ ದೀಪ ಹೊತ್ತುವಾಗ ‘ಟಿಕ್’ ಎನ್ನುತ್ತದೆ. ಕಿವಿ ಕೇಳಿಸಿಕೊಳ್ಳುತ್ತದೆ, ಮಿದುಳು ಉತ್ತರಿಸುತ್ತದೆ, ನಾವು ಅದನ್ನು ಕಣ್ಣಿನ ಖಾತೆಗೆ ಬರೆಯುತ್ತೇವೆ. ಎಲ್‌ಇಡಿ ದೀಪ ಬಳಸಿ, ಇಲ್ಲವೇ ಕಿವಿಗೆ ಇಯರ್‌ಫೋನಿನಲ್ಲಿ ಒಂದೇ ಸಮನೆ ಶ್ ಎನ್ನುವ ಸದ್ದು ಕೊಡಿ.

ಅಲೆ ಬಾರದಿದ್ದರೆ, ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಉತ್ತರ ಅಳೆಯುವ ಇಆರ್‌ಜಿ. ಕೆಳರೆಪ್ಪೆಯ ಅಂಚಿನ ಮೂಳೆಯ ಮೇಲೆ ಒಂದು ಚರ್ಮದ ಎಲೆಕ್ಟ್ರೋಡ್, ಕಣ್ಣಿನ ಹೊರ ಮೂಲೆಯ ಆಚೆ ರೆಫರೆನ್ಸ್, ಅದೇ ಫ್ಲ್ಯಾಷ್. ಇಆರ್‌ಜಿಯೂ ಇಲ್ಲವೆಂದರೆ ತೊಂದರೆ ಕಣ್ಣಿನಲ್ಲೇ ಇದೆ, ನೇತ್ರತಜ್ಞರ ಬಳಿಗೆ ವಾಪಸ್. ಇಆರ್‌ಜಿ ಇದೆ, ವಿಇಪಿ ಇಲ್ಲ ಎಂದರೆ ರೆಟಿನಾದ ಆಚೆ, ಆಪ್ಟಿಕ್ ನರದಿಂದ ಹಿಂದಲೆಯವರೆಗೆ ಎಲ್ಲೋ ದಾರಿ ತಪ್ಪಿದೆ.

ಓದುವುದು ಹೇಗೆ? ಆರೋಗ್ಯವಂತರಲ್ಲಿ ಎನ್2 ಎಂಬ ಋಣ ತಿರುವು ಫ್ಲ್ಯಾಷ್ ಆದ ಸುಮಾರು 90 ಮಿಲಿಸೆಕೆಂಡಿಗೆ, ಪಿ2 ಎಂಬ ಧನ ತಿರುವು ಸುಮಾರು 120ಕ್ಕೆ. ಫ್ಲ್ಯಾಷ್ ಅಲೆ ಒಬ್ಬರಿಂದ ಒಬ್ಬರಿಗೆ ತುಂಬಾ ಬೇರೆ, ಒಬ್ಬರಲ್ಲೇ ಬಲು ಸ್ಥಿರ. ಆದ್ದರಿಂದ ಪುಸ್ತಕದ ಅಂಕಿಗಿಂತ ಎಡಗಣ್ಣು-ಬಲಗಣ್ಣಿನ ಹೋಲಿಕೆ, ಈ ವಾರ-ಕಳೆದ ವಾರದ ಹೋಲಿಕೆಗೆ ಬೆಲೆ ಹೆಚ್ಚು. ಮಿದುಳಿನ ಕಾರಣದಿಂದ ಕುರುಡಾದವರಲ್ಲೂ ಫ್ಲ್ಯಾಷ್ ಅಲೆ ಸಿಗಬಹುದು ಎಂಬುದು ನೆನಪಿರಲಿ. ಬೆಳಕಿನ ಸುದ್ದಿ ತಲುಪಿದೆ ಎಂಬುದಷ್ಟೇ ಅದರ ಅರ್ಥ. ಹೃದಯಸ್ತಂಭನದ ನಂತರದ ಭವಿಷ್ಯ ಹೇಳಲೂ ಇದನ್ನು ಬಳಸಬಾರದು. ಅಲ್ಲಿ ನಂಬುವುದು ಕೈಯ ನರ ಪ್ರಚೋದಿಸಿ ತೆಗೆಯುವ ಎನ್20 ಅಲೆಯನ್ನು, ಅದೂ ಬೇರೆ ಪರೀಕ್ಷೆಗಳ ಜೊತೆಗೆ.

ಎರಡನೆಯ ಹಂತ: ಆಕಾರ

ಕಣ್ಣು ತೆರೆದು ನೇರಕ್ಕೆ ಇರುವವರಿಗೆ ಮಾತ್ರ. ಮಾನಿಟರನ್ನು ತೋಳಿನ ಸ್ಟ್ಯಾಂಡಿಗೆ ಕಟ್ಟಿ ಮುಖದ ಮೇಲೆ 60 ಸೆಂ.ಮೀ. ದೂರದಲ್ಲಿ ತನ್ನಿ. 1 ಡಿಗ್ರಿಯ ಕಪ್ಪು-ಬಿಳಿ ಚೌಕವೆಂದರೆ ಆ ದೂರದಲ್ಲಿ 10.5 ಮಿ.ಮೀ. ಸೆಕೆಂಡಿಗೆ 2 ಸಲ ಅದಲುಬದಲು. ಸುಮಾರು 100 ಮಿಲಿಸೆಕೆಂಡಿಗೆ ಏಳುವ ಪಿ100 ಅಲೆ ಹುಡುಕಿ. ಕಣ್ಣು ಅತ್ತಿತ್ತ ಆಡುತ್ತಿದ್ದರೆ ಅದಲುಬದಲಿನ ಬದಲು ಚೌಕಗಳು 200 ಮಿಲಿಸೆಕೆಂಡ್ ಮೂಡಿ 400 ಮಿಲಿಸೆಕೆಂಡ್ ಮರೆಯಾಗುವ ಕ್ರಮ ಹೆಚ್ಚು ತಾಳುತ್ತದೆ. ಒಬ್ಬರು ಪಕ್ಕದಲ್ಲಿ ನಿಂತು ಕಣ್ಣನ್ನೇ ನೋಡುತ್ತಿರಬೇಕು. ಪಾಪೆ ಮೇಲೆ ಹೊರಳಿದ ಕೂಡಲೇ ನಿಲ್ಲಿಸಬೇಕು. ಈ ಹಂತದ ‘ಇಲ್ಲ’ಗಳಲ್ಲಿ ಎಷ್ಟೋ ನೋಟದ ದಿಕ್ಕಿನ ತಪ್ಪು.

ಮೂರನೆಯ ಹಂತ: ಮುಖ ಎಂಬುದು ಮುಖವಾಗಿ ಕಾಣುತ್ತಿದೆಯೇ

ಈ ವಿಧಾನ ಸರಳ, ಅದರ ಹಿಂದಿನ ಯೋಚನೆ ಸುಂದರ. ಮನೆ, ಮರ, ಪಾತ್ರೆ, ಹೂವು ಹೀಗೆ ಬಗೆಬಗೆಯ ಚಿತ್ರಗಳನ್ನು ಸೆಕೆಂಡಿಗೆ 6ರಂತೆ ಓಡಿಸಿ. ಪ್ರತಿ ಐದನೆಯದು ಯಾವುದಾದರೂ ಮುಖವಾಗಿರಲಿ, ಪ್ರತಿ ಸಲ ಬೇರೆ ಮುಖ. ಮಿದುಳು ಎಲ್ಲ ಚಿತ್ರವನ್ನೂ ಒಂದೇ ಎಂದುಕೊಂಡರೆ ಇಇಜಿಯಲ್ಲಿ 6 ಹರ್ಟ್ಜ್ ಮಾತ್ರ ಏಳುತ್ತದೆ. ಮುಖವನ್ನು ಬೇರೆಯದೆಂದು ಗುರುತಿಸಿದರೆ 1.2 ಹರ್ಟ್ಜ್‌ನಲ್ಲೂ, ಅದರ ಗುಣಕಗಳಾದ 2.4, 3.6, 4.8ರಲ್ಲೂ ಮೊನೆಗಳು ಏಳುತ್ತವೆ, ಹೆಚ್ಚಾಗಿ ಬಲಗಿವಿಯ ಹಿಂದಿನ ಪಿ8 ಎಲೆಕ್ಟ್ರೋಡಿನ ಸುತ್ತ. ರೋಗಿ ಏನನ್ನೂ ಮಾಡಬೇಕಿಲ್ಲ. 60 ಸೆಕೆಂಡಿನ ನಾಲ್ಕೈದು ಸರಣಿ, ನಡುವೆ ವಿಶ್ರಾಂತಿ. ಮೊನೆಯ ಎತ್ತರವನ್ನು ಎರಡೂ ಪಕ್ಕದ ಹತ್ತತ್ತು ಬಿನ್‌ಗಳ (ಆವರ್ತನದ ಪುಟ್ಟ ಪುಟ್ಟ ಭಾಗಗಳ) ಸರಾಸರಿಗೆ ಹೋಲಿಸಿ, ತೀರಾ ಒತ್ತಿನ ಬಿನ್ ಬಿಟ್ಟು. ಚಿತ್ರಗಳ ಹೊಳಪು, ಗಾತ್ರ ಸಮ ಇರಬೇಕು. ಮುಖಗಳೆಲ್ಲ ಬೆಳ್ಳಗೆ, ಮನೆಗಳೆಲ್ಲ ಕಪ್ಪಗೆ ಇದ್ದರೆ 1.2 ಹರ್ಟ್ಜ್ ಬರುವುದು ಬರೀ ಹೊಳಪಿನಿಂದ.

ಇಲ್ಲಿ ಕೈಕೊಡುವುದು ಮಾನಿಟರ್. 60 ಹರ್ಟ್ಜ್ ತೆರೆಯಲ್ಲಿ 6 ಹರ್ಟ್ಜ್ ಅಂದರೆ ಚಿತ್ರಕ್ಕೆ ಸರಿಯಾಗಿ 10 ಫ್ರೇಮ್. ಆದರೆ ಎಷ್ಟೋ ತೆರೆಗಳು ಓಡುವುದು 59.94ರಲ್ಲಿ. ಆಗ 6 ಎಂಬುದು 5.994 ಆಗಿ, 60 ಸೆಕೆಂಡಿನಲ್ಲಿ 360ರ ಬದಲು 359.64 ಸುತ್ತು. ಮೊನೆ ಎರಡು ಬಿನ್‌ಗಳ ನಡುವೆ ಹಂಚಿಹೋಗಿ, ಇದ್ದ ಉತ್ತರ ಇಲ್ಲದಂತೆ ಕಾಣುತ್ತದೆ. ತೆರೆಯ ಮೂಲೆಗೆ ಬೆಳಕು ಗುರುತಿಸುವ ಫೋಟೋಡಯೋಡ್ ಅಂಟಿಸಿ ಇಇಜಿಯ ಜೊತೆಗೇ ದಾಖಲಿಸಿ. ತುಣುಕನ್ನು ಗಡಿಯಾರದಿಂದ ಕತ್ತರಿಸದೆ, 1.2 ಹರ್ಟ್ಜ್‌ನ ಸರಿಯಾಗಿ 72 ಸುತ್ತು, ಅಂದರೆ 3600 ಫ್ರೇಮ್ ಎಣಿಸಿ ಕತ್ತರಿಸಿ. ಲ್ಯಾಪ್‌ಟಾಪಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ತೆಗೆದಿಡಿ.

ನಾಲ್ಕನೆಯ ಹಂತ: ಹೇಳಿದ್ದರ ಕಡೆ ಗಮನ

ಮುಖ ಮತ್ತು ಮನೆಯ ಚಿತ್ರವನ್ನು ಒಂದರ ಮೇಲೊಂದು ಪಾರದರ್ಶಕವಾಗಿ ಇಟ್ಟು, ಮುಖದ ಹೊಳಪು 7.5 ಹರ್ಟ್ಜ್‌ನಲ್ಲಿ, ಮನೆಯದು 12ರಲ್ಲಿ ಏರಿಳಿಯಲಿ. ಇವೆರಡನ್ನೂ ಆರಿಸಿದ್ದಕ್ಕೆ ಕಾರಣಗಳಿವೆ: ಸೆಕೆಂಡಿಗೆ 60 ಫ್ರೇಮಿನ ತೆರೆಯಲ್ಲಿ ಒಂದೊಂದು ಸುತ್ತು ಸರಿಯಾಗಿ 8 ಮತ್ತು 5 ಫ್ರೇಮಾಗಿ ಕೂರುತ್ತದೆ, 10 ಸೆಕೆಂಡಿನಲ್ಲಿ 75 ಮತ್ತು 120 ಪೂರ್ಣ ಸುತ್ತು ಆಗುತ್ತವೆ, ಯಾವ ಗುಣಕವೂ 50ರ ಮೇಲೆ ಬೀಳುವುದಿಲ್ಲ, ಮಿಣುಕು ಬೆಳಕು ಫಿಟ್ಸ್ ತರುವ ಸಾಧ್ಯತೆ ಹೆಚ್ಚಿರುವ 15ರಿಂದ 25 ಹರ್ಟ್ಜ್‌ನಿಂದ ದೂರ ಇವೆ. ಆದರೂ ಫಿಟ್ಸ್ ಇತಿಹಾಸ ಇರುವವರಿಗೆ ನರತಜ್ಞರು ಹತ್ತಿರವಿಲ್ಲದೆ ಮಾಡಬೇಡಿ. ಕೆಂಪು ಮಿಣುಕು ಬೇಡ. ಇಇಜಿಯಲ್ಲಿ ಚೂಪು ಅಲೆಗಳೋ ಮುಖದಲ್ಲಿ ಸೆಳೆತವೋ ಕಂಡರೆ ಆ ಕ್ಷಣ ನಿಲ್ಲಿಸಿ.

ಕೆಲವು ಸಲ ‘ಮುಖ ನೋಡಿ’, ಕೆಲವು ಸಲ ‘ಮನೆ ನೋಡಿ’ ಎಂದು ಹೇಳಿ, 20 ಸೆಕೆಂಡಿನ ಹತ್ತತ್ತು ಸುತ್ತು, ಕ್ರಮ ಕಲಸಿ. ಕಣ್ಣಿಗೆ ಬೀಳುವುದು ಎರಡರಲ್ಲೂ ಒಂದೇ. ಮಾತಿಗೆ ತಕ್ಕಂತೆ 7.5 ಮತ್ತು 12ರ ಬಲ ಹಿಂದುಮುಂದಾದರೆ ಅದು ರೋಗಿಯ ಇಚ್ಛೆ, ಬೇರೆ ವಿವರಣೆಗೆ ಜಾಗ ಕಡಿಮೆ. ಮಾತು ಮನೆಮಾತಿನಲ್ಲಿರಲಿ. ಮಂಗಳೂರಿನ ತುಳು ಮನೆಯ ಅಜ್ಜಿಗೆ ಪುಸ್ತಕದ ಕನ್ನಡದಲ್ಲಿ ಸೂಚನೆ ಕೊಟ್ಟು ಫಲ ನಿರೀಕ್ಷಿಸಬೇಡಿ. ಮಗಳ ದನಿಯಲ್ಲಿ ತುಳುವಿನಲ್ಲೇ ರೆಕಾರ್ಡ್ ಮಾಡಿ, ಪ್ರತಿ ಸಲ ಅದನ್ನೇ ನುಡಿಸಿ.

ಮೂರು, ನಾಲ್ಕನೆಯ ಹಂತವನ್ನು ಮೊದಲು ನಿಮ್ಮ ವಿಭಾಗದ ಹತ್ತು ಮಂದಿ ಆರೋಗ್ಯವಂತರ ಮೇಲೆ ಮಾಡಿ. ಅವರಲ್ಲೇ ಇಬ್ಬರಿಗೆ ಬಾರದಿದ್ದರೆ, ರೋಗಿಯಲ್ಲಿ ಬಾರದ್ದಕ್ಕೆ ಎಷ್ಟು ತೂಕ ಕೊಡಬೇಕೆಂದು ಆಗ ತಿಳಿಯುತ್ತದೆ.

ಬರೆಯುವುದು, ಹೇಳುವುದು

‘ನೋಟ ಇಲ್ಲ’ ಎಂದು ವರದಿಯಲ್ಲಿ ಬರೆಯಬೇಡಿ. ಈ ಪರೀಕ್ಷೆಗೆ ಹಾಗೆ ಹೇಳುವ ಅಧಿಕಾರ ಇಲ್ಲ. ‘ಈ ದಿನ, ಈ ಔಷಧಗಳ ನಡುವೆ, ಬಲಗಣ್ಣಿನ ಫ್ಲ್ಯಾಷಿಗೆ ಎರಡು ಸುತ್ತಿನಲ್ಲೂ ಹೊಂದುವ ಅಲೆ ಸಿಕ್ಕಿತು, ಹುಸಿ ಸುತ್ತಿನಲ್ಲಿ ಸಿಗಲಿಲ್ಲ, ಎಡಗಣ್ಣಿಗೆ ಸಿಗಲಿಲ್ಲ, ಇಆರ್‌ಜಿ ಇದೆ’ ಎಂದು ಬರೆಯಿರಿ. ಕಾರ್ನಿಯಾ, ಪಾಪೆ, ತಾಪಮಾನ, ಔಷಧದ ಹೊತ್ತು, ಎಚ್ಚರದ ಮಟ್ಟ ಎಲ್ಲ ಜೊತೆಗಿರಲಿ. ಎರಡರಿಂದ ಮೂರು ವಾರದಲ್ಲಿ ಮತ್ತೆ ಮಾಡಿ. ಮಾಡಿದ ವೇಳೆ, ತಂತ್ರಜ್ಞ, ಯಂತ್ರ ಅದೇ ಇದ್ದರೆ ಹೋಲಿಕೆಗೆ ಅರ್ಥ ಬರುತ್ತದೆ.

ಹೊರಗೆ ಕಾದಿರುವವರು ಕೇಳುವುದು ಒಂದೇ: “ಡಾಕ್ಟ್ರೇ, ಅಮ್ಮನಿಗೆ ನಾನು ಕಾಣ್ತಾ ಇದೀನಾ?” ಮೊದಲ ಹಂತ ಮಾತ್ರ ಬಂದಿದ್ದರೆ, “ಬೆಳಕು ಅವರ ಮಿದುಳಿನ ತನಕ ಹೋಗ್ತಾ ಇದೆ. ನಿಮ್ಮ ಮುಖ ಅಂತ ಗೊತ್ತಾಗ್ತಾ ಇದೆಯಾ ಅನ್ನೋದನ್ನ ಇನ್ನೂ ಹೇಳೋಕೆ ಆಗಲ್ಲಮ್ಮ” ಎನ್ನಿ. ಅದಕ್ಕಿಂತ ಹೆಚ್ಚು ಹೇಳುವುದೂ ಕಡಿಮೆ ಹೇಳುವುದೂ ತಪ್ಪು.

ಫಲಿತಾಂಶ ಹಾಸಿಗೆಯ ತನಕ ಹೋಗಬೇಕು. ಎಡಗಣ್ಣಿನ ದಾರಿ ಕಡಿದು ಬಲಗಣ್ಣಿನದು ಉಳಿದಿದ್ದರೆ ಬಲರೆಪ್ಪೆಯನ್ನು ಹಗಲು ಮುಚ್ಚಿ ಪಟ್ಟಿ ಹಾಕಬೇಡಿ, ಹನಿ ಹಾಕುತ್ತಾ ತೆರೆದಿಡಿ. ಹಿಂದಲೆಯ ಎಡಭಾಗಕ್ಕೆ ಹಾನಿಯಾಗಿದ್ದರೆ ಎರಡೂ ಕಣ್ಣಿನ ಬಲ ಅರ್ಧ ನೋಟ ಹೋಗಿರುತ್ತದೆ. ಆಗ ಮಾತಾಡಿಸುವವರು ರೋಗಿಯ ಎಡಕ್ಕೆ ನಿಲ್ಲಬೇಕು, ಫೋಟೋ, ಕಿಟಕಿ, ಸಿಆರ್‌ಎಸ್-ಆರ್ ಮಾಡುವಾಗಿನ ಕನ್ನಡಿ ಎಲ್ಲ ಎಡಕ್ಕೆ ಬರಬೇಕು. ಒಂದು ಬಿಳಿ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ‘ಕನ್ನಡಕ ಹಾಕಿ. ಎಡಗಡೆಯಿಂದ ಬನ್ನಿ’ ಎಂದು ಬರೆದು ಮಂಚದ ತಲೆಯ ಬಳಿ ಅಂಟಿಸಿ, ಮೂರು ಪಾಳಿಯವರಿಗೂ ಓದಿ ಹೇಳಿ.